ಹಾವಿನ ಮೇಲೆ ಕೂತ ಅಂದಾನೆಪ್ಪ

ಶಲವಡಿಯ ವಾಟರ್‌ಮನ್ ಅಂದಾನೆಪ್ಪ ಹಾವಿನ ಮೇಲೆ ಕೂತದ್ದು ಧೈರ್ಯದಿಂದಲ್ಲ, ಹೆದರಿ ಬಿದ್ದು. ಈ ಮಾತನ್ನು ಅವನು ಆವತ್ತೇ ಊರಿನವರ ತಲೆಗೆ ಹೋಗುವ ಹಾಗೆ ಹೇಳಿದ್ದರೆ ಒಂದು ಸಾವು ತಪ್ಪುತ್ತಿತ್ತು. ಹೇಳಿದ್ದನಲ್ಲ ಎನ್ನುವವರೂ ಇದ್ದಾರೆ. ಹೇಳಿದ್ದೇನೋ ನಿಜ. ಆದರೆ ಹೇಳುವಾಗ ಅವನ ಕೊರಳಲ್ಲಿ ಹಾರವಿತ್ತು, ಹೆಗಲ ಮೇಲೆ ಶಾಲು ಇತ್ತು. ಹಾರ ಹಾಕಿಸಿಕೊಂಡವನು ನಿಜ ಹೇಳಿದರೆ ಜನ ಅದನ್ನು ವಿನಯ ಎಂದು ತಿಳಿಯುತ್ತಾರೆ.

ನಡೆದದ್ದು ಇಷ್ಟು. ಬೇಸಿಗೆಯ ಒಂದು ಬೆಳಿಗ್ಗೆ ಅಂದಾನೆಪ್ಪ ಎಂದಿನಂತೆ ಮೋಟರ್ ಚಾಲೂ ಮಾಡಲು ಪಂಪ್‌ಹೌಸಿಗೆ ಹೋದ. ಸ್ಟಾರ್ಟರ್ ಪೆಟ್ಟಿಗೆಯ ಮೇಲಿಂದ ಹಗ್ಗದಂಥದೇನೋ ಜೋತುಬಿದ್ದಿತ್ತು. ಸರಿಸಲು ಕೈ ಹಾಕಿದ. ಹಗ್ಗ ತಲೆ ಎತ್ತಿ ಅವನನ್ನು ನೋಡಿತು. ಅಂದಾನೆಪ್ಪ ಹಿಂದಕ್ಕೆ ಹಾರಿದ, ಹಾವು ಕೆಳಕ್ಕೆ ಹಾರಿತು. ಮೂಲೆಯಲ್ಲಿದ್ದ ಗೋಣಿಚೀಲದ ರಾಶಿಯಲ್ಲೇ ಅಡಗಬೇಕೆಂದು ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು. ಹಾವು ಮೊದಲು ಮುಟ್ಟಿತು. ಅದರ ಮೇಲೆ ಚೀಲ, ಚೀಲದ ಮೇಲೆ ಅಂದಾನೆಪ್ಪ. ಅವನು ಭಾರದ ಆಳು.

ನಳಕ್ಕೆ ನೀರು ಬರಲಿಲ್ಲವೆಂದು ಕೊಡ ಹಿಡಿದುಕೊಂಡು ಬಂದ ಹೆಂಗಸರು ಕಂಡದ್ದೇನು? ಅಂದಾನೆಪ್ಪ ಚೀಲಗಳ ಮೇಲೆ ಬಿಳಿಚಿದ ಮುಖದಿಂದ ನೆಟ್ಟಗೆ ಕೂತಿದ್ದಾನೆ. ಅವನ ಕೆಳಗಿನಿಂದ ಒಂದು ಬಾಲ ಹೊರಚಾಚಿ ನೆಲ ಬಡಿಯುತ್ತಿದೆ.

"ಏಳ್ರಿ ಅಣ್ಣಾರ," ಎಂದು ಒಬ್ಬಳು ಕೂಗಿದಳು.

"ಏಳಾಕ ಬರವಲ್ದು," ಎಂದ ಅಂದಾನೆಪ್ಪ. ಕಾಲಿನಲ್ಲಿ ಜೀವವಿರಲಿಲ್ಲ.

ಅವನು ಎದ್ದರೆ ಹಾವು ಜನರ ಮೇಲೆ ಬರುತ್ತದೆ, ಅದಕ್ಕೇ ಏಳುತ್ತಿಲ್ಲ ಎಂದು ಅವರು ತಿಳಿದರು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಪಂಚಾಯ್ತಿ ಅಧ್ಯಕ್ಷ ಕುಬೇರಪ್ಪ ಬಂದು, ಗಂಡಸರನ್ನು ಕರೆಸಿ, ಅಂದಾನೆಪ್ಪನನ್ನು ಎತ್ತಿಸುವಷ್ಟರಲ್ಲಿ ಹಾವು ಸತ್ತೇ ಹೋಗಿತ್ತು. ಅದು ಪಾಪದ ಕೇರೆ ಹಾವು. ಇಲಿ ಹಿಡಿಯಲು ಬಂದದ್ದು. ವಿಡಿಯೋ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅದು ನಾಗರಹಾವಾಯಿತು. ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಎರಡಾಯಿತು.

ಪಂಚಾಯ್ತಿ ಕಟ್ಟೆಯ ಮೇಲೆ ಸತ್ಕಾರವಾಯಿತು. ನಾಲ್ಕು ಮಾತು ಆಡು ಎಂದು ಮೈಕು ಕೊಟ್ಟರು.

"ನಾ ಏನೂ ಮಾಡಿಲ್ರಿ," ಎಂದ ಅಂದಾನೆಪ್ಪ. "ಅಂಜಿ ಬಿದ್ದೆ. ಸುಮ್ನ ಕೂತಿದ್ದೆ."

ಕುಬೇರಪ್ಪ ಮೈಕು ಕಿತ್ತುಕೊಂಡ. "ಕೇಳಿದ್ರಿಲ್ಲ? ಹಾವಿನ ಮ್ಯಾಲೆ ಕೂತು, ಸುಮ್ನ ಕೂತಿದ್ದೆ ಅಂತಾನ. ಇಂಥಾ ಮನಿಶಾ ಸುತ್ತಿನ ಹಳ್ಳ್ಯಾಗ ಸಿಗೂದಿಲ್ಲ."

ಚಪ್ಪಾಳೆ ಬಿತ್ತು. ಅಂದಾನೆಪ್ಪ ಇನ್ನೊಮ್ಮೆ ನಿಜ ಹೇಳಲು ಬಾಯಿ ತೆರೆದನಾದರೂ ಅಷ್ಟರಲ್ಲಿ ಕೈಗೆ ತೆಂಗಿನಕಾಯಿ ಬಂತು.

ಅವನ ಹೆಂಡತಿ ರೇಣುಕವ್ವ ಇದನ್ನೆಲ್ಲ ದೂರದಿಂದ ನೋಡಿ ಮನೆಗೆ ಹೋದಳು. ಬಚ್ಚಲಲ್ಲಿ ಹಲ್ಲಿ ಕಂಡರೆ ಗಂಡ ಸ್ನಾನ ಬಿಟ್ಟು ಓಡಿಬರುತ್ತಾನೆ, ತಾನು ಹೋಗಿ ಕಸಬರಿಗೆಯಿಂದ ಹಲ್ಲಿಯನ್ನು ಓಡಿಸಬೇಕು ಎಂಬುದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವನು ಹಾರ ಹಾಕಿಕೊಂಡೇ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು: "ಮಂದೀಗೆ ಖರೇ ಹೇಳೀರಿಲ್ಲ?"

"ಹೇಳೀನಿ. ನಂಬವಲ್ರು."

"ಹಾರ ತಗದು ಹೇಳ್ರಿ. ನಂಬ್ತಾರ."

ಅಂದಾನೆಪ್ಪ ಹಾರ ತೆಗೆದು ಗೂಟಕ್ಕೆ ಹಾಕಿದ. ಮತ್ತೆ ಹೊರಗೆ ಹೋಗಲಿಲ್ಲ. ಮರುವಾರ ಕಮ್ಮಾರನ ಹತ್ತಿರ ಹೋಗಿ ತುದಿ ಬಾಗಿದ ಒಂದು ಕಬ್ಬಿಣದ ಕೋಲು ಮಾಡಿಸಿಕೊಂಡ. ಅದನ್ನು ಹೆಗಲ ಮೇಲಿಟ್ಟುಕೊಂಡು ವಾಲ್ವ್ ತಿರುವಲು ಹೋಗುತ್ತಿದ್ದ. ಏನು ಮಾಡುವುದು, ಇಪ್ಪತ್ತು ವರ್ಷ ನೀರು ಬಿಟ್ಟಿದ್ದಕ್ಕೆ ಊರು ಅವನಿಗೆ ಕೊಟ್ಟದ್ದು ಬೈಗುಳ ಮಾತ್ರ. ಹಿಂದಿನ ಓಣಿಯ ಹೊಳೆಪ್ಪನಂತೂ, ತನ್ನ ಮನೆಗೆ ನೀರು ಏರುವುದಿಲ್ಲವೆಂದು, ಸಂಕ್ರಾಂತಿಯ ದಿನ ಅವನ ಕೊರಳಪಟ್ಟಿಗೇ ಕೈ ಹಾಕಿದ್ದ. ಈಗ ಅದೇ ಹೊಳೆಪ್ಪ ಕೋಲನ್ನು ನೋಡಿ ದಾರಿ ಬಿಡುತ್ತಿದ್ದ.

ಮೇ ತಿಂಗಳಲ್ಲಿ ಧಾರವಾಡದಿಂದ ಸುನಿತಾ ಎಂಬ ಹೆಣ್ಣುಮಗಳು ಬಂದಳು. ಎರೆಭೂಮಿಯ ಬಯಲಲ್ಲಿ, ಒಣಹುಲ್ಲಿನಲ್ಲಿ, ನೆಲದ ಬಿರುಕಿನಲ್ಲಿ ಬದುಕುವ ಹಾವು, ಓತಿಕ್ಯಾತಗಳನ್ನು ಹುಡುಕಿ ಅಭ್ಯಾಸ ಮಾಡುವುದು ಅವಳ ಕೆಲಸ. ಊರಿನ ದನ ಮೇಯುವ ಗಾಯರಾಣದಲ್ಲಿ ಎರಡು ದಿನ ಅಡ್ಡಾಡಲು ಅನುಮತಿ ಕೇಳಲು ಪಂಚಾಯ್ತಿಗೆ ಬಂದಿದ್ದಳು. ಕುಬೇರಪ್ಪ ಅನುಮತಿಯ ಜೊತೆಗೆ ಅಂದಾನೆಪ್ಪನನ್ನೂ ಕೊಟ್ಟ.

"ಮೇಡಂ, ಇವಾ ಹಾವಿನ ವಾಸನೀ ಹಿಡಿತಾನ್ರಿ. ಕಣ್ಣು ಮುಚ್ಚಿ ಬಿಟ್ರೂ ಹಾವಿನ ಮುಂದನ ಹೋಗಿ ನಿಂದರ್ತಾನ."

"ಮೋಟರ್ ಐತ್ರಿ ನಂದು," ಎಂದ ಅಂದಾನೆಪ್ಪ. "ನೀರು ಬಿಡೂದೈತಿ."

"ಎರಡು ದಿನ ಊರು ನೀರು ಕುಡೀದಿದ್ರ ನಡೀತದ. ಊರಿನ ಮರ್ಯಾದಿ ಪ್ರಶ್ನಿ ಐತಿ," ಎಂದ ಅಧ್ಯಕ್ಷ.

ಮರುದಿನ ಬೆಳಿಗ್ಗೆ ಅಂದಾನೆಪ್ಪ ಮಗನ ಹಳೆಯ ಬೂಟು ಹಾಕಿಕೊಂಡು, ಎರಡು ಜೊತೆ ಕಾಲುಚೀಲದೊಳಗೆ ಪ್ಯಾಂಟು ತುರುಕಿಕೊಂಡು, ಕೋಲು ಹೊತ್ತು ಹೊರಟ. ಅವನಲ್ಲಿ ಒಂದು ಯೋಜನೆ ಇತ್ತು. ಗಾಯರಾಣದಲ್ಲಿ ಅವನು ಚಿಕ್ಕಂದಿನಲ್ಲಿ ದನ ಕಾದವನು. ಎಲ್ಲಿ ಹುಲ್ಲು ದಟ್ಟ, ಎಲ್ಲಿ ಕಲ್ಲುಗುಪ್ಪೆ, ಎಲ್ಲಿ ಜಾಲಿಯ ಪೊದೆ ಎಂದು ಗೊತ್ತಿತ್ತು. ಅಲ್ಲೆಲ್ಲ ಹಾವಿರುತ್ತವೆ ಎಂಬುದೂ ಗೊತ್ತಿತ್ತು. ಆದ್ದರಿಂದ ಅವನು ಸುನಿತಾಳನ್ನು ನೇರವಾಗಿ ಬಡಗಣ ದಿಕ್ಕಿನ ಬೋಳು ನೆಲಕ್ಕೆ ಕರೆದೊಯ್ದ. ಅಲ್ಲಿ ಹುಲ್ಲಿಲ್ಲ, ಗಿಡವಿಲ್ಲ, ನೆರಳಿಲ್ಲ. ಅಂಗೈಯಂಥ ಬಯಲು, ಬಿಸಿಲಿಗೆ ಸೀಳಿದ ಕರಿಮಣ್ಣು, ಅಲ್ಲಲ್ಲಿ ಹೆಂಟೆ. ಇಲ್ಲಿ ಇರುವೆ ಬದುಕಿದ್ದರೆ ಹೆಚ್ಚು ಎಂಬುದು ಅವನ ಲೆಕ್ಕಾಚಾರ.

"ಇಲ್ಲೇ ನೋಡ್ರಿ," ಎಂದು ಕೋಲು ಊರಿ ನಿಂತ. ಹಿಂದೆ ಕುಬೇರಪ್ಪ ಮತ್ತು ಕೆಲಸವಿಲ್ಲದ ಅರ್ಧ ಊರು ನಿಂತಿತು.

ಸುನಿತಾ ಸುತ್ತ ಒಮ್ಮೆ ಕಣ್ಣಾಡಿಸಿ ಕೈ ಸನ್ನೆ ಮಾಡಿ ಎಲ್ಲರನ್ನೂ ಕೂಡಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದುರಿನ ಹೆಂಟೆಯ ಮೇಲೆ ಮಣ್ಣಿನದೇ ಬಣ್ಣದ, ಗೇಣುದ್ದದ ಓತಿಕ್ಯಾತವೊಂದು ಏರಿ ಬಂದು ಮುಂಗಾಲು ಎತ್ತಿ ನಿಂತಿತು. ಇದ್ದಕ್ಕಿದ್ದಂತೆ ಅದರ ಗಂಟಲ ಕೆಳಗಿನ ಚರ್ಮ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಅದರಲ್ಲಿ ನೀಲಿ, ಕಪ್ಪು, ಕೆಂಡದಂಥ ಕಿತ್ತಳೆ. ಆ ಬೂದಿಬಣ್ಣದ ಬಯಲಿನಲ್ಲಿ ಯಾರೋ ಇಳಕಲ್ ಸೀರೆಯ ಸೆರಗು ಬಿಚ್ಚಿ ಮಡಿಸಿದ ಹಾಗಾಯಿತು. ಬಿಚ್ಚಿತು, ಮಡಿಸಿತು, ಮತ್ತೆ ಬಿಚ್ಚಿತು. ದೂರದ ಇನ್ನೊಂದು ಹೆಂಟೆಯಿಂದ ಇನ್ನೊಂದು ಉತ್ತರ ಕೊಟ್ಟಿತು.

"ಇವು ಬಯಲನ್ನೇ ಹುಡುಕ್ಕೊಂಡು ಇರ್ತಾವ್ರಿ," ಎಂದು ಸುನಿತಾ ಪಿಸುಗುಟ್ಟಿದಳು. "ಗಂಡು, ಹೆಣ್ಣನ್ನ ಕರಿಯಾಕತ್ತೈತಿ. ಅಗದಿ ಬರೋಬ್ಬರಿ ಜಾಗಾ ತೋರಿಸಿದ್ರಿ ನೀವು."

ಅಂದಾನೆಪ್ಪನ ಯೋಜನೆ ಮಣ್ಣು ಪಾಲಾಯಿತು, ಕೀರ್ತಿ ಆಕಾಶಕ್ಕೇರಿತು. "ನಾ ಹೇಳಿರಲಿಲ್ಲ?" ಎಂದು ಕುಬೇರಪ್ಪ ಎಲ್ಲರತ್ತ ತಿರುಗಿ ನೋಡಿದ. ಮಧ್ಯಾಹ್ನದವರೆಗೂ ಹೀಗೇ ಆಯಿತು. ಏನೂ ಸಿಗದಿರಲಿ ಎಂದು ಅಂದಾನೆಪ್ಪ ಬೆರಳು ತೋರಿಸಿದ ಕಡೆಗೆಲ್ಲ ಏನಾದರೊಂದು ಸಿಕ್ಕಿತು. ಒಡೆದ ಮಡಕೆಯ ಕೆಳಗೆ ಹಾವುರಾಣಿ, ಬದುವಿನ ಬಿಲದಲ್ಲಿ ಉಡ. ಒಂದೊಂದು ಸಿಕ್ಕಾಗಲೂ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ದೊಡ್ಡವರು ಹೀಗೆಯೇ, ಶೋಧಿಸಿ ಕೊಟ್ಟು ತಾವು ಹಿಂದೆ ನಿಲ್ಲುತ್ತಾರೆ ಎಂದು ಜನ ಮಾತಾಡಿಕೊಂಡರು.

ಬಿಸಿಲು ನೆತ್ತಿಗೆ ಬಂದಾಗ ಜನ ಕರಗಿದರು. ಗಾಯರಾಣಕ್ಕೆ ಹೊಂದಿಕೊಂಡ ಹೊಲ ಹೊಳೆಪ್ಪನದು. ಒಲೆಗೆಂದು ಅವನು ಕಿತ್ತೊಟ್ಟಿದ್ದ ಹತ್ತಿಕಟ್ಟಿಗೆಯ ಬಣವೆಯ ನೆರಳಿನಲ್ಲಿ ಕೂಡಲು ಅಂದಾನೆಪ್ಪ ಹೋದ. ಸೈಕಲ್ ಗಾಲಿಯಿಂದ ಗಾಳಿ ಹೋಗುವ ಸದ್ದಾಯಿತು. ಇಲ್ಲಿ ಯಾರ ಸೈಕಲ್ ಪಂಕ್ಚರ್ ಆಯಿತು ಎಂದು ಸುತ್ತ ನೋಡಿದ. ಸೈಕಲ್ ಇರಲಿಲ್ಲ.

"ಅಲುಗಾಡಬ್ಯಾಡ್ರಿ," ಎಂದಳು ಸುನಿತಾ, ಮೆಲ್ಲಗೆ. ಅಲುಗಾಡುವ ಶಕ್ತಿ ಅವನಲ್ಲಿದ್ದರೆ ತಾನೆ?

ಕಟ್ಟಿಗೆಯ ಬುಡದಲ್ಲಿ ದಪ್ಪನೆಯ ಹಾವೊಂದು ಸುರುಳಿ ಸುತ್ತಿಕೊಂಡಿತ್ತು. ಮೈತುಂಬ ಸರಪಳಿಯಂಥ ಕಂದು ಮಚ್ಚೆ. ಕೊಳಕುಮಂಡಲ. ಅದು ಉಸಿರು ಎಳೆದು ಬಿಡುತ್ತಿದ್ದ ಸದ್ದೇ ಅವನು ಕೇಳಿದ್ದು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಹಾವು ಅವಸರವಿಲ್ಲದೆ ಕಟ್ಟಿಗೆಯೊಳಕ್ಕೆ ಸರಿಯಿತು. ಸುನಿತಾ ಅಂದಾನೆಪ್ಪನ ರಟ್ಟೆ ಹಿಡಿದು ಹಿಂದಕ್ಕೆ ನಡೆಸಿಕೊಂಡು ಬಂದು ಬದುವಿನ ಮೇಲೆ ಕೂಡಿಸಿ ನೀರು ಕೊಟ್ಟಳು. ಬಾಟಲಿ ಅವನ ಹಲ್ಲಿಗೆ ಬಡಿದು ಸದ್ದು ಮಾಡಿತು.

"ನಿಮಗ ಅಂಜಿಕಿ ಐತಿ, ಹೌದಿಲ್ಲರಿ?"

"ಇಲ್ರಿ," ಎಂದ. ಮತ್ತೆ, "ಹೌದ್ರಿ. ಹಲ್ಲೀಗೂ ಅಂಜ್ತೀನ್ರಿ. ಆ ವಿಡಿಯೋದಾಗ ನಾ ಬಿದ್ದದ್ದು."

ಅವಳು ನಗಲಿಲ್ಲ. "ಅದು ಕ್ಯಾರಿ ಹಾವು ಅನ್ನೂದು ಬಾಲ ನೋಡಿದಾಗ ಗೊತ್ತಾಗಿತ್ತು ನನಗ. ಇರ್ಲಿ. ಒಂದು ಮಾತು ನೆನಪಿಡ್ರಿ. ಯಾರಿಗರ ಹಾವು ಕಡದ್ರ ಕೊಯ್ಯಬಾರದು, ಬಿಗಿಬಾರದು, ಬೇರು ಬೂದಿ ಅಂತ ಹೊತ್ತು ಕಳೀಬಾರದು. ಸೀದಾ ದವಾಖಾನಿ, ಸೀದಾ ವಿಷ ಇಳಿಸೂ ಸುಜಿ. ನಿಮ್ಮ ಮಾತು ಊರಾಗ ನಡೀತದ. ಇದನ್ನ ಹೇಳ್ರಿ."

ಹೊಳೆಪ್ಪನಿಗೂ ಅವಳು ಬಣವೆ ತೋರಿಸಿ ಎಚ್ಚರ ಹೇಳಿದಳು: ಬೂಟಿಲ್ಲದೆ ಹತ್ತಿರ ಹೋಗಬ್ಯಾಡ್ರಿ, ಬರಿಗೈಲೆ ಕಟ್ಟಿಗೆ ಎಳೀಬ್ಯಾಡ್ರಿ, ಅರಣ್ಯದವರಿಗೆ ಫೋನ್ ಮಾಡಿ ಹಾವು ಸಾಗಿಸ್ತೀನಿ.

"ಅರಣ್ಯದವರು ಯಾಕ್ರಿ," ಎಂದ ಹೊಳೆಪ್ಪ. "ಅಂದಾನೆಪ್ಪ ಅದಾನಲ್ಲ."

ಎರಡನೆಯ ದಿನದ ಹುಡುಕಾಟ ಮುಗಿಸಿ ಸುನಿತಾ ಧಾರವಾಡಕ್ಕೆ ಹೋದಳು. ಅರಣ್ಯದವರು ಒಮ್ಮೆ ಬಂದು ಬಣವೆ ಕೆದಕಿದರು. ಹಾವು ಸಿಗಲಿಲ್ಲ. ಅಂದಾನೆಪ್ಪನಿಗೆ ಹೆದರಿ ಊರು ಬಿಟ್ಟಿದೆ ಎಂದು ಹೊಳೆಪ್ಪ ತೀರ್ಮಾನಿಸಿದ.

ವಾರ ಕಳೆಯಿತು. ಅಂದಾನೆಪ್ಪ ಊಟಕ್ಕೆ ಕೂತಿದ್ದಾಗ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಹೊರಗೆ ಬಂದರೆ ಟ್ರೇಲರಿನಲ್ಲಿ ಹೊಳೆಪ್ಪನ ಹೆಂಡತಿ ಗೌರಕ್ಕ ಮಲಗಿದ್ದಳು. ಕಟ್ಟಿಗೆ ಎಳೆಯುವಾಗ ಕೈಗೆ ಕಡಿದಿತ್ತು. ಮುಂಗೈ ಊದಿ ಬಳೆ ಮಾಂಸದೊಳಗೆ ಹೂತಿದ್ದವು. ಹಲ್ಲಿನ ಸಂದಿನಲ್ಲಿ ರಕ್ತ ಜಿನುಗುತ್ತಿತ್ತು. ಹಿಂದೆ ಅರ್ಧ ಊರು.

"ಔಷಧ ಕೊಡು," ಎಂದ ಹೊಳೆಪ್ಪ.

"ನನ್ನ ಕಡೆ ಏನ ಔಷಧ? ದವಾಖಾನಿಗೆ ಒಯ್ಯೋ ಮಾರಾಯಾ, ಲಗೂನ."

"ಹಂಗನಬ್ಯಾಡ."

"ನನಗೇನೂ ಗೊತ್ತಿಲ್ಲ. ಆವತ್ತು ಅಂಜಿ ಬಿದ್ದಿದ್ದೆ ನಾ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಹೊಳೆಪ್ಪನ ಮುಖ ಕಪ್ಪಿಟ್ಟಿತು. ಅವನು ಕೈ ಮುಗಿದ. "ನೀರಿನ ಸಲುವಾಗಿ ನಿನ್ನ ಅಂಗಿ ಹಿಡದಿದ್ದೆ. ತಪ್ಪಾತು. ಆ ಸಿಟ್ಟು ಆಕಿ ಮ್ಯಾಲೆ ತೀರಿಸಿಕೊಬ್ಯಾಡ."

"ನೀರಿಂದು ಯಾವಾಗೋ ಮರತೀನೋ. ಖರೇನ ಗೊತ್ತಿಲ್ಲ ನನಗ."

"ಮರತಿದ್ರ ಕೊಡ್ತಿದ್ದಿ," ಎಂದು ಹೊಳೆಪ್ಪ ನೆಲಕ್ಕೆ ಬಿದ್ದು ಅವನ ಕಾಲು ಹಿಡಿದ. ಕಾಲು ಹಿಡಿದವನು ಬಿಡಲಿಲ್ಲ. ಅಂದಾನೆಪ್ಪ ಬಿಡಿಸಿಕೊಳ್ಳಲು ಹೋಗಿ ಅವನ ಮೇಲೆಯೇ ಬಿದ್ದ. ಅದನ್ನು ಒದ್ದದ್ದೆಂದು ತಿಳಿದ ಹೊಳೆಪ್ಪನ ತಮ್ಮಂದಿರು ಮುಂದೆ ಬಂದರು. ಅಧ್ಯಕ್ಷ ಕುಬೇರಪ್ಪ ಅವರನ್ನು ತಡೆದು, ಅಂದಾನೆಪ್ಪನನ್ನು ಎತ್ತಿ ನಿಲ್ಲಿಸಿ, ಗಂಭೀರವಾಗಿ ಹೇಳಿದ: "ಅಂದಾನೆಪ್ಪಾ, ವಿದ್ಯಾ ಇದ್ದವರು ಮುಚ್ಚಿಡಬಾರದು. ಕಾಯಿ ಕರ್ಪೂರ ಬೇಕಾದ್ರ ಹೇಳು, ತರಸ್ತೀನಿ."

"ದವಾಖಾನಿಗೆ ಒಯ್ರಿ ಸಾಹೇಬ್ರ, ಹೊತ್ತು ಹೊಂಟೈತಿ."

"ಕಾಯಿ ತರ್ರೋ," ಎಂದು ಕುಬೇರಪ್ಪ ಕೂಗಿದ. ಒಬ್ಬ ಅಂಗಡಿಯತ್ತ ಓಡಿದ.

ಟ್ರೇಲರಿನಲ್ಲಿ ಗೌರಕ್ಕ ವಾಂತಿ ಮಾಡಿಕೊಂಡಳು. ರೇಣುಕವ್ವ ಅವಳ ತಲೆ ಹಿಡಿದುಕೊಂಡಿದ್ದವಳು ಗಂಡನತ್ತ ನೋಡಿ, "ಏನರ ಮಾಡ್ರಿ, ಸಾಯ್ತಾಳ," ಎಂದಳು.

ಆಗ ಅಂದಾನೆಪ್ಪ ಬದುಕಿನಲ್ಲೇ ಮೊದಲ ಸಲ ಗಟ್ಟಿ ದನಿಯಲ್ಲಿ ಮಾತಾಡಿದ.

"ಔಷಧ ಐತಿ."

ಹೊಳೆಪ್ಪ ನೆಲದಿಂದ ಎದ್ದು ಕೂತ.

"ಬೇರು ಐತಿ. ಆದ್ರ ಮೊದಲ ದವಾಖಾನಿ ಸುಜಿ ಮೈಯಾಗ ಹೋಗಬೇಕು. ಸುಜಿ ಇಲ್ದ ಬೇರು ಕೊಟ್ರ ಅಲ್ಲೇ ಜೀವ ಹೋಗ್ತದ. ಸುಜಿ ಮ್ಯಾಲೆ ಬೇರು. ಇದು ಗುರುವಿನ ಅಪ್ಪಣಿ. ನಾನೂ ಬರ್ತೀನಿ, ಹತ್ತಿಸ್ರಿ ಗಾಡಿ."

ಗುರು ಯಾರೆಂದು ಯಾರೂ ಕೇಳಲಿಲ್ಲ. ನಿಜ ಹೇಳಿದಾಗ ಒಂದಡಿ ಸರಿಯದ ಜನ ಈಗ ಕ್ಷಣದಲ್ಲಿ ಕಾರು ತಂದರು. ಗೌರಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಪೇಟೆಯ ದವಾಖಾನೆಗೆ ಮುಟ್ಟಿಸಿದರು. ಅಲ್ಲಿ ಸುಜಿ ಹಾಕಿ, ಹುಬ್ಬಳ್ಳಿಗೆ ಸಾಗಿಸಿದರು. ಮೂತ್ರಪಿಂಡ ಸೋತಿದ್ದರಿಂದ ಯಂತ್ರಕ್ಕೆ ಹಚ್ಚಿ ರಕ್ತ ಸೋಸಿದರು. ಎರಡು ಬೆರಳು ಕೊಳೆತು ಕತ್ತರಿಸಬೇಕಾಯಿತು. ಜೀವ ಉಳಿಯಿತು.

ಅವಳು ಎದ್ದು ಕೂತ ದಿನ ಹೊಳೆಪ್ಪ ಅಂದಾನೆಪ್ಪನನ್ನು ಹುಬ್ಬಳ್ಳಿಗೆ ಕರೆದೊಯ್ದ. "ಈಗ ಬೇರು," ಎಂದ.

ಅಂದಾನೆಪ್ಪ ಬೇರಿನ ಮಾತನ್ನೇ ಮರೆತಿದ್ದ. ಒಂದಕ್ಕೆ ಹೋಗಿ ಬರುತ್ತೇನೆಂದು ಹೇಳಿ ಅಂಗಳಕ್ಕೆ ಇಳಿದ. ನಳದ ಬಾಜೂಕ್ಕೆ ಕರಿಕೆ ಹುಲ್ಲು ಬೆಳೆದಿತ್ತು. ಒಂದು ಹಿಡಿ ಕಿತ್ತು, ಎಲೆ ತರಿದು ಹಾಕಿ, ಬೇರನ್ನು ತೊಳೆದು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಲೆ ಹೋದ. ಗೌರಕ್ಕ ಎರಡು ಎಳೆ ಅಗಿದು ನುಂಗಿದಳು. ಉಳಿದದ್ದನ್ನು ತಲೆದಿಂಬಿನ ಕೆಳಗಿಟ್ಟಳು. "ನೀ ನನ್ನ ಅಣ್ಣ," ಎಂದು ಅತ್ತಳು.

ಮನೆಗೆ ಬಂದು ರೇಣುಕವ್ವನಿಗೆ ಹೇಳಿದಾಗ ಅವಳು ಹಣೆ ಬಡಿದುಕೊಂಡಳು. "ಕರಿಕಿ ತಿಂದು ಬದುಕೂದಾಗಿದ್ರ ನಮ್ಮ ಎಮ್ಮಿ ಯಾಕ ಸಾಯ್ತಿತ್ತು? ನಾಳೆ ಮುಂಜಾನೆ ಹೋಗಿ ಹೇಳಿ ಬರ್ರಿ."

ಸುನಿತಾ ಕೂಡ ಸುದ್ದಿ ಕೇಳಿ ಫೋನ್ ಮಾಡಿದಳು. "ಸುಳ್ಳು ಹೇಳಿ ಜೀವ ಉಳಿಸೀರಿ, ಚಲೋ ಮಾಡಿದ್ರಿ. ಆದ್ರ ಈಗ ಖರೇ ಹೇಳಿಬಿಡ್ರಿ. ತಡಾ ಮಾಡಬ್ಯಾಡ್ರಿ."

"ಹೇಳ್ತೀನ್ರಿ," ಎಂದ ಅಂದಾನೆಪ್ಪ.

ಹೇಳಬೇಕೆಂದೇ ಇದ್ದ. ಆದರೆ ಮುಂಜಾನೆ ವಾಲ್ವ್ ತಿರುವಲು ಹೋದರೆ ಹೊಳೆಪ್ಪ ಮೊಸರು ಗಡಿಗೆ ಹಿಡಿದು ನಿಂತಿರುತ್ತಿದ್ದ. ಹಿಂದಿನ ಓಣಿಗೆ ನೀರು ಬಾರದಿದ್ದರೂ ಯಾರೂ ಚಕಾರ ಎತ್ತುತ್ತಿರಲಿಲ್ಲ. ಮದುವೆಗೆ ಹೋದರೆ ಮೊದಲ ಪಂಕ್ತಿ. ಸುತ್ತಲಿನ ಹಳ್ಳಿಗಳಿಂದ ಹಾವು ಕಡಿದವರ ಮನೆಯವರು ಫೋನ್ ಮಾಡಿದರೆ ಅವನು, "ಮೊದಲ ಸುಜಿ, ಆಮ್ಯಾಲೆ ನಾನು," ಎನ್ನುತ್ತಿದ್ದ, ಅವರು ದವಾಖಾನೆಗೆ ಓಡುತ್ತಿದ್ದರು, ಬದುಕುತ್ತಿದ್ದರು. ಸುಳ್ಳಿನಿಂದ ಇಷ್ಟು ಉಪಕಾರವಾಗುತ್ತಿರುವಾಗ ನಿಜ ಹೇಳಿ ಯಾಕೆ ಕೆಡಿಸಬೇಕು ಎಂದು ಅವನು ಹೆಂಡತಿಯೊಡನೆ ವಾದಿಸಿದ. ಅವಳು ವಾದಿಸಲಿಲ್ಲ. ಮಾತು ಬಿಟ್ಟಳು.

ಇತ್ತ ಊರಿನ ಬಾಯಲ್ಲಿ ಕಥೆ ಬೇರೆಯೇ ಆಯಿತು. ಸುಜಿ ಹಾಕಿದ ಮೇಲೆ ಗೌರಕ್ಕನ ಮೂತ್ರಪಿಂಡ ಕೆಟ್ಟಿತು, ಬೆರಳು ಹೋದವು. ಬೇರು ತಿಂದ ಮೇಲೆ ನಡೆದುಕೊಂಡು ಮನೆಗೆ ಬಂದಳು. ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳಲು ಯಾವ ವಿದ್ಯೆ ಬೇಕು?

ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಒಂದು ಸಂಜೆ ಹೊಳೆಪ್ಪ ಬಂದು ಅಂದಾನೆಪ್ಪನ ಕಟ್ಟೆಯ ಮೇಲೆ ಕೂತ.

"ತಿರ್ಲಾಪುರದಾಗ ನಮ್ಮ ಈರೇಶ ಹೋದ," ಎಂದ.

ಈರೇಶ ಗೌರಕ್ಕನ ತಮ್ಮ, ಇನ್ನೂ ಹರೆಯದವನು. ಹೆಸರಿನ ಹೊಲದಲ್ಲಿ ಅವನ ಹಿಮ್ಮಡಿಗೆ ನಾಗರಹಾವು ಕಡಿದಿತ್ತು. ತನ್ನ ಕಾಲ ಮೇಲೆ ತಾನೇ ನಡೆದು ಮನೆಗೆ ಬಂದಿದ್ದ. ದವಾಖಾನೆಗೆ ಹೋಗೂಣು ಎಂದು ಹೆಂಡತಿ ನಂದಾ ಗೋಗರೆದಳು. ಅವನು ನಕ್ಕ. ಅಂದಾನೆಪ್ಪನ ಬೇರು ಮನೆಯಲ್ಲೇ ಇದೆ, ಅಕ್ಕ ಕೊಟ್ಟಿದ್ದಾಳೆ, ಸುಜಿ ಹಾಕಿಸಿಕೊಂಡು ಅಕ್ಕನಂತೆ ಬೆರಳು ಯಾಕೆ ಕಳೆದುಕೊಳ್ಳಲಿ ಎಂದ. ಬೇರು ಅರೆಸಿ ಕುಡಿದು ಹೊರಸಿನ ಮೇಲೆ ಒರಗಿದ. ರೆಪ್ಪೆ ಜೋತುಬಿದ್ದಾಗ ನಿದ್ದೆ ಬಂತು ಎಂದುಕೊಂಡರು. ಉಸಿರು ಸಿಗದಾದಾಗ ಗಾಡಿ ಹುಡುಕಿದರು. ಅವನು ದಾರಿಯಲ್ಲೇ ತೀರಿಕೊಂಡ.

ಅಂದಾನೆಪ್ಪ ಗೋಡೆ ಹಿಡಿದುಕೊಂಡು ಕೂತ. ಹೊಳೆಪ್ಪ ಅವನ ಬೆನ್ನು ಸವರಿದ. "ನಿಂದೇನೂ ತಪ್ಪಿಲ್ಲ ಬಿಡು. ಹಾಲಾಗ ಅರೀಬೇಕಾಗಿತ್ತು. ನೀರಾಗ ಅರದಾರ."

ಮರುದಿನ ಅಂದಾನೆಪ್ಪ ತಿರ್ಲಾಪುರಕ್ಕೆ ಹೋದ. ಹೋಗೆಂದು ರೇಣುಕವ್ವ ಹೇಳಬೇಕಾಗಲಿಲ್ಲ. ಈರೇಶನ ಮನೆಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಅವನನ್ನು ಕಂಡು ಎಲ್ಲರೂ ಎದ್ದು ಜಾಗ ಬಿಟ್ಟರು.

"ಅದು ಬೇರಲ್ರಿ," ಎಂದ ಅಂದಾನೆಪ್ಪ, ನಿಂತುಕೊಂಡೇ. "ಕರಿಕಿ. ದವಾಖಾನಿ ಅಂಗಳದಾಗ ಕಿತ್ತಿದ್ದು. ನನಗ ಹಾವಿಂದು ಏನೂ ಗೊತ್ತಿಲ್ಲ."

ಅವರಲ್ಲಿ ಹಿರಿಯ, ಬಾಜೂ ಮನೆಯ ಮಾಬುಸಾಬ, ಅವನ ಕೈ ಹಿಡಿದು ಕೂಡಿಸಿದ. "ಸಮಾಧಾನ ಮಾಡ್ಕೋರಿ. ಕೊಟ್ಟ ಔಷಧ ಕೈಕೊಟ್ರ ದೊಡ್ಡ ದೊಡ್ಡ ವೈದ್ಯರಿಗೂ ಹಿಂಗ ಆಗ್ತದ. ಅವನ ಆಯುಷ್ಯ ಅಷ್ಟ ಇತ್ತು." ಇನ್ನೊಬ್ಬ ನೀರು ತಂದುಕೊಟ್ಟ. ಮತ್ತೊಬ್ಬ, "ಹಾಲಾಗ ಅರೀಬೇಕಿತ್ತು," ಎಂದ. ಅಂದಾನೆಪ್ಪ ಮತ್ತೆ ಹೇಳಿದ. ಅವರು ಮತ್ತೆ ಸಮಾಧಾನ ಮಾಡಿದರು. ಮೂರನೆಯ ಸಲ ಹೇಳಿದಾಗ ಒಬ್ಬ ಅವನ ತಲೆಗೆ ಹರಳೆಣ್ಣೆ ತಟ್ಟಬೇಕೆಂದು ಸೂಚಿಸಿದ.

ಅವನು ಎದ್ದು ಒಳಗೆ ಹೋದ.

ನಡುಮನೆಯಲ್ಲಿ ನಂದಾ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಕ್ಕದಲ್ಲಿ ಗೌರಕ್ಕ, ಎರಡು ಬೆರಳಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಅಂದಾನೆಪ್ಪ ಇಬ್ಬರೆದುರು ನೆಲದ ಮೇಲೆ ಕೂತು ಹೇಳಿದ. ಪಂಪ್‌ಹೌಸಿನಿಂದ ಹಿಡಿದು ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಅದು ಯಾವ ಕರಿಕಿ?" ಎಂದು ಕೇಳಿದಳು ನಂದಾ.

"ನಳದ ಬಾಜೂಕ ಬೆಳೀತದಲ್ಲ, ಅದ."

"ಗಣಪತಿಗೆ ಏರಸ್ತೀವಲ್ಲ, ಅದು?"

"ಅದ ಯವ್ವಾ."

ಅವಳು ಅವನನ್ನೇ ನೋಡಿದಳು. ಅವಳು ನಂಬಿದ್ದು ಅವನಿಗೆ ಗೊತ್ತಾಯಿತು. ಬೇಸಿಗೆಯಿಂದ ಇಲ್ಲಿಯ ತನಕ ಹೊರಗಿನವರಲ್ಲಿ ಅವನ ಮಾತನ್ನು ನಂಬಲು ಸುನಿತಾಳ ಹೊರತು ಯಾರೂ ಇರಲಿಲ್ಲ. ಈಗ ಒಬ್ಬಳು ಸಿಕ್ಕಿದ್ದಳು. ಅಂದಾನೆಪ್ಪನಿಗೆ ಅಲ್ಲಿಂದ ಎದ್ದು ಓಡಬೇಕೆನ್ನಿಸಿತು.

"ಅಲ್ರಿ ಕಾಕಾ," ಎಂದಳು ನಂದಾ, "ಶ್ರಾವಣದ ತನಕ ಯಾಕ ಸುಮ್ನಿದ್ರಿ?"



"ಸುಳ್ಳು," ಎಂದಳು ಗೌರಕ್ಕ. "ಸುಳ್ಳು ಹೇಳಾಕತ್ತಾನ. ನಾ ತಿಂದೀನಿ ಅದನ್ನ, ಬದುಕೀನಿ. ಅಣ್ಣಾ, ಖರೇ ಬೇರು ಅಂತ ಹೇಳು. ಅವಗ ಕೊಟ್ಟಾಕಿ ನಾನು. ನನ್ನ ಕೈಲೆ ಕೊಟ್ಟೀನಿ. ಹೇಳು ಅಣ್ಣಾ, ನಿನ್ನ ಕಾಲು ಬೀಳ್ತೀನಿ."

ಶಾಲು, ಹಾರ, ಮೊದಲ ಪಂಕ್ತಿಗಾಗಿ ಇಷ್ಟು ದಿನ ಸುಳ್ಳು ಹೇಳಿದವನಿಗೆ, ಅಥವಾ ಸುಳ್ಳನ್ನು ಹಾಗೇ ಬಿಟ್ಟವನಿಗೆ, ಈಗ ಒಂದು ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ಹೇಳಿದ್ದರೆ ಆ ಹೆಂಗಸು ಆ ರಾತ್ರಿ ಕಣ್ಣು ಮುಚ್ಚುತ್ತಿದ್ದಳು. ಅಂದಾನೆಪ್ಪ ತಲೆ ಅಲ್ಲಾಡಿಸಿದ. "ಸುಜಿಯಿಂದ ಬದುಕೀಯವ್ವಾ ನೀ. ಬರೇ ಸುಜಿಯಿಂದ."

ಗೌರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗೆ ಕಟ್ಟೆಯ ಮೇಲೆ ಗಂಡಸರು ಮಳೆಯ ವಿಚಾರ ಮಾತಾಡುತ್ತಿದ್ದರು.

ನಂದಾ ಅವಳತ್ತ ತಿರುಗಿ ಕೇಳಿದಳು: "ಅಕ್ಕಾ, ಇನ್ನ ಯಾರ್ಯಾರಿಗೆ ಕೊಟ್ಟಿ?"

ಗೌರಕ್ಕ ಕೈಯನ್ನು ಸೆರಗಿನಡಿ ಎಳೆದುಕೊಂಡಳು.

"ಯಕ್ಕಾ, ಹೇಳು."

"ಕುಂದಗೋಳದಾಗ," ಎಂದಳು ಗೌರಕ್ಕ. "ನಮ್ಮ ಮಗಳು ಸುಮಂಗಲಾನ ಮನ್ಯಾಗ ಒಂದು ತುಂಡು ಐತಿ. ಹುಡುಗೂರು ಹೊಲದಾಗ ಆಡ್ತಾವ ಅಂತ ಆಕಿಗೆ ಕೊಟ್ಟು ಬಂದಿದ್ದೆ."

ಗೌರಕ್ಕ ತಾನೇ ಕೈ ಚಾಚಿದಳು. "ಫೋನ್ ಹಚ್ಚಿಕೊಡ್ರಿ," ಎಂದಳು.

ನಂದಾ ಫೋನ್ ಹಚ್ಚಿಕೊಟ್ಟಳು. ಅತ್ತ ಕಡೆ ಮಗಳು ಎತ್ತಿಕೊಂಡಳು. "ಯವ್ವಾ," ಎಂದಳು ಗೌರಕ್ಕ, "ಆ ಬೇರು ಕೊಟ್ಟಿದ್ನಲ್ಲ, ಅದನ್ನ ಒಲ್ಯಾಗ ಹಾಕು. ಈಗ. ನಾ ಫೋನ್ ಇಡೂದ್ರೊಳಗ ಹಾಕು." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಅಂದಾನೆಪ್ಪನತ್ತ ಚಾಚಿದಳು.

"ಯಾಕ ಅಂತ ಕೇಳಾಕತ್ತಾಳ," ಎಂದಳು. "ನೀನ ಹೇಳು."